ಎಲ್ಲರ ಕೈ ಕುಲುಕಿದ ಮೇಯರ್: ಡಬ್ಲಿನ್‌ನ ಆಲ್ಫಿ ಬರ್ನ್

ಮಾರ್ಚ್ 17 ಸಂತ ಪ್ಯಾಟ್ರಿಕ್‌ರ ಹಬ್ಬ. ಐರ್ಲೆಂಡಿನ ಜನರಿಗೆ ಅದು ಧಾರ್ಮಿಕ ಹಬ್ಬವೂ ಹೌದು, ನಾಡಹಬ್ಬವೂ ಹೌದು. 1882ರ ಇದೇ ದಿನ ಡಬ್ಲಿನ್ ನಗರದ ಬಂದರು ಪ್ರದೇಶದ ಸಮೀಪ, ಒಂದು ಸಾಧಾರಣ ಕುಟುಂಬದಲ್ಲಿ ಆಲ್ಫ್ರೆಡ್ ಬರ್ನ್ ಜನಿಸಿದರು. ಊರಿಗೆಲ್ಲ ಅವರು ಆಲ್ಫಿ. ಮುಂದೆ ಇವರು ಹತ್ತು ಬಾರಿ ಡಬ್ಲಿನ್‌ನ ಲಾರ್ಡ್ ಮೇಯರ್ ಆದರು. ಪಕ್ಷೇತರರಾಗಿ ನಿಂತು ಮತ್ತೆ ಮತ್ತೆ ಸಂಸತ್ತಿಗೆ ಆಯ್ಕೆಯಾದರು.

ಇವರ ಬದುಕನ್ನು ನಾವಿಲ್ಲಿ ನೆನೆಯಲು ಕಾರಣವಿದೆ. ಬಾಗಿಲಿಗೆ ಬಂದ ಬಡವನಿಗೆ ನೆರವಾಗುವುದು ಒಂದು ಕೆಲಸ. ಅವನು ನಾಳೆಯೂ ಬಾಗಿಲಿಗೆ ಬರಬೇಕಾಗದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಆಲ್ಫಿ ಬರ್ನ್ ಮೊದಲನೆಯದರಲ್ಲಿ ನಿಸ್ಸೀಮರು. ಎರಡನೆಯದರ ಬಗ್ಗೆ ಅವರ ಜೀವನ ನಮ್ಮ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತದೆ.

ಸೈಕಲ್ ಅಂಗಡಿಯಿಂದ ಸಂಸತ್ತಿಗೆ

ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟ ಆಲ್ಫಿ ಸೈಕಲ್ ರಿಪೇರಿ ಕಲಿತರು. ನಾಟಕಶಾಲೆಯ ಮುಂದೆ ಕಾರ್ಯಕ್ರಮದ ಹಾಳೆಗಳನ್ನು ಮಾರಿದರು. ಮದ್ಯದಂಗಡಿಯಲ್ಲಿ ಕೆಲಸಗಾರರಾಗಿ ದುಡಿದು, ಉಳಿಸಿದ ಹಣದಿಂದ ಟಾಲ್ಬಟ್ ಬೀದಿಯಲ್ಲಿ ಸ್ವಂತ ಅಂಗಡಿ ತೆರೆದರು. ಅಂಗಡಿಗೆ ಬರುವವರ ಕಷ್ಟಸುಖ ಕೇಳುವುದೇ ಅವರ ರಾಜಕೀಯದ ಮೊದಲ ಪಾಠವಾಯಿತು.

ಅಂದಿನ ಡಬ್ಲಿನ್‌ನ ಬಡತನ ಘೋರವಾದದ್ದು. ಹಿಂದೊಮ್ಮೆ ಶ್ರೀಮಂತರು ಬಾಳಿದ ದೊಡ್ಡ ಮನೆಗಳು ಶಿಥಿಲಗೊಂಡು, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ವಾಸವಾಗಿತ್ತು. 1913ರ ಸೆಪ್ಟೆಂಬರ್ 2ರಂದು ಚರ್ಚ್ ಬೀದಿಯಲ್ಲಿ ಇಂತಹ ಎರಡು ಮನೆಗಳು ಕುಸಿದು ಏಳು ಮಂದಿ ಸತ್ತರು. ಬಳಿಕ ನಡೆದ ವಿಚಾರಣೆಯಲ್ಲಿ, ಇಂತಹ ಮನೆಗಳ ಮಾಲೀಕರಲ್ಲಿ ನಗರಸಭೆಯ ಕೆಲವು ಸದಸ್ಯರೂ ಇದ್ದಾರೆಂಬ ಸಂಗತಿ ಹೊರಬಿತ್ತು. 1914ರ ಹೊತ್ತಿಗೆ ಆಲ್ಫಿ ಬರ್ನ್ ಅದೇ ನಗರಸಭೆಯಲ್ಲಿ ಆಲ್ಡರ್‌ಮನ್ ಆಗಿದ್ದರು.

1915ರ ಅಕ್ಟೋಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಡಬ್ಲಿನ್ ಹಾರ್ಬರ್ ಕ್ಷೇತ್ರದಿಂದ ಗೆದ್ದು ಲಂಡನ್ನಿನ ಸಂಸತ್ತಿಗೆ ಹೋದರು. ಆಗ ಅವರಿದ್ದದ್ದು ಶಾಂತಿಯುತ ಮಾರ್ಗದಿಂದ ಸ್ವಯಮಾಡಳಿತ ಬಯಸಿದ ಐರಿಷ್ ಪಾರ್ಲಿಮೆಂಟರಿ ಪಕ್ಷದಲ್ಲಿ. ಮರುವರ್ಷ ಈಸ್ಟರ್ ವಾರದಲ್ಲಿ ಡಬ್ಲಿನ್‌ನಲ್ಲಿ ದಂಗೆ ಎದ್ದಿತು. ದಂಗೆಯ ಹಾದಿ ಬರ್ನ್ ಅವರದಲ್ಲ. ಆದರೂ ಸೆರೆಯಾದವರ ಪರವಾಗಿ ಅವರು ಸಂಸತ್ತಿನಲ್ಲಿ ದನಿಯೆತ್ತಿದರು. ಯುವಕರನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸುವುದನ್ನು ವಿರೋಧಿಸಿದರು. ಇಷ್ಟಾದರೂ 1918ರ ಚುನಾವಣೆಯಲ್ಲಿ ಸಿನ್ ಫೇನ್ ಪಕ್ಷದ ಅಲೆಯ ಮುಂದೆ ಅವರು ನಿಲ್ಲಲಾಗಲಿಲ್ಲ. ಅವರನ್ನು ಸೋಲಿಸಿದ ಫಿಲಿಪ್ ಶಾನಹನ್ ಕೂಡ ಮದ್ಯದಂಗಡಿಯವರೇ.

ಪಕ್ಷವಿಲ್ಲದವರ ದಾರಿ

ಹಳೆಯ ಪಕ್ಷ ನೆಲಕಚ್ಚಿತು. 1921ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನೊಡನೆ ಆದ ಒಪ್ಪಂದ ದೇಶವನ್ನು ಎರಡಾಗಿ ಒಡೆಯಿತು, ಅಂತರ್ಯುದ್ಧ ಹತ್ತಿಕೊಂಡಿತು. ಅದರಿಂದ ಹುಟ್ಟಿದ ಎರಡು ದೊಡ್ಡ ಪಾಳೆಯಗಳೇ ಮುಂದಿನ ಹಲವು ದಶಕ ಐರಿಷ್ ರಾಜಕೀಯವನ್ನು ಆಳಿದವು. ಬರ್ನ್ ಒಪ್ಪಂದದ ಪರವಾಗಿದ್ದರು, ಆದರೆ ಪಕ್ಷ ಸೇರಲಿಲ್ಲ. 1922ರಲ್ಲಿ ಪಕ್ಷೇತರರಾಗಿ ಸಂಸತ್ತಿನ ಕೆಳಮನೆಯಾದ ಡಾಯ್ಲ್‌ಗೆ ಆಯ್ಕೆಯಾದರು. 1928ರಲ್ಲಿ ಆ ಸ್ಥಾನ ಬಿಟ್ಟು ಮೇಲ್ಮನೆಗೆ ಹೋದರು. 1932ರಲ್ಲಿ ಮತ್ತೆ ಕೆಳಮನೆಗೆ ಬಂದವರು ಸಾಯುವವರೆಗೂ ಅಲ್ಲಿಯೇ ಇದ್ದರು.

ಇತ್ತ 1924ರಲ್ಲಿ ಸರ್ಕಾರ ಡಬ್ಲಿನ್ ನಗರಸಭೆಯನ್ನೇ ವಿಸರ್ಜಿಸಿ ಆಡಳಿತವನ್ನು ಆಯುಕ್ತರ ಕೈಗೆ ಒಪ್ಪಿಸಿತ್ತು. 1930ರಲ್ಲಿ ಚುನಾಯಿತ ನಗರಸಭೆ ಮರಳಿ ಬಂದಾಗ ಸದಸ್ಯರು ಬರ್ನ್ ಅವರನ್ನು ಲಾರ್ಡ್ ಮೇಯರ್ ಆಗಿ ಆರಿಸಿದರು. ಪ್ರತಿ ವರ್ಷವೂ ನಡೆಯುವ ಈ ಆಯ್ಕೆಯಲ್ಲಿ ಪಕ್ಷದ ಬಲವಿಲ್ಲದ ಅವರು 1939ರವರೆಗೆ ಸತತ ಒಂಬತ್ತು ವರ್ಷ ಗೆದ್ದರು.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. 1930ರ ಕಾನೂನು ನಗರಾಡಳಿತದ ನಿಜವಾದ ಅಧಿಕಾರವನ್ನು ಸಿಟಿ ಮ್ಯಾನೇಜರ್ ಎಂಬ ಅಧಿಕಾರಿಗೆ ಕೊಟ್ಟಿತ್ತು. ಮೇಯರ್ ಕೊರಳಲ್ಲಿ ಚಿನ್ನದ ಸರಪಳಿ ಇತ್ತು. ಕೈಯಲ್ಲಿ ಅಧಿಕಾರ ಇದ್ದದ್ದು ಅಲ್ಪ.

ಆ ಅಲ್ಪವನ್ನೇ ಬರ್ನ್ ಹಿಗ್ಗಿಸಿದರು. ತಿರುವಿದ ಮೀಸೆ, ನೀಟಾದ ಉಡುಪು, ಸೈಕಲ್ ಸವಾರಿ, ಮಕ್ಕಳಿಗೆ ಹಂಚಲು ಜೇಬಿನಲ್ಲಿ ಮಿಠಾಯಿ: ಹೀಗೆ ಅವರು ಬೀದಿ ಬೀದಿ ಸುತ್ತಿದರು. ಎದುರಾದವರ ಕೈ ಕುಲುಕದೆ ಮುಂದೆ ಹೋಗುತ್ತಿರಲಿಲ್ಲ. ಅದೇ ಅವರ ಅಡ್ಡಹೆಸರೂ ಆಯಿತು. ಮೇಯರರ ಅಧಿಕೃತ ನಿವಾಸ ಮ್ಯಾನ್ಷನ್ ಹೌಸ್‌ಗೆ ಕೆಲಸ ಕೇಳಿ, ಮನೆ ಕೇಳಿ ಬರುವವರಿಗೆ ಲೆಕ್ಕವಿರಲಿಲ್ಲ. ಬಂದ ಪತ್ರಗಳಿಗೆ ಉತ್ತರ ಹೋಗುತ್ತಿತ್ತು. ಬಡವನ ಅಹವಾಲನ್ನು ಮೇಯರರೇ ಕೇಳಿದರು ಎಂಬುದು ಆ ಬಡವನಿಗೆ ದೊಡ್ಡ ಸಮಾಧಾನ.

1932ರ ಮಹಾಸಮ್ಮೇಳನ

1932ರ ಜೂನ್ 22ರಿಂದ 26ರವರೆಗೆ ಡಬ್ಲಿನ್‌ನಲ್ಲಿ 31ನೇ ಅಂತರರಾಷ್ಟ್ರೀಯ ಪರಮಪ್ರಸಾದ ಮಹಾಸಮ್ಮೇಳನ ಜರುಗಿತು. ಸಂತ ಪ್ಯಾಟ್ರಿಕ್‌ರು ಐರ್ಲೆಂಡಿಗೆ ಬಂದು 1500 ವರ್ಷಗಳಾದವೆಂದು ಆಚರಿಸಿದ ವರ್ಷವದು. ಪೋಪ್ ಪ್ರತಿನಿಧಿ ಕಾರ್ಡಿನಲ್ ಲೊರೆನ್ಸೊ ಲೌರಿ ಅವರನ್ನು ನಗರದ ಪರವಾಗಿ ಬರಮಾಡಿಕೊಂಡ ಮೇಯರ್ ಆಲ್ಫಿ ಬರ್ನ್. ಫೀನಿಕ್ಸ್ ಪಾರ್ಕಿನ ಸಮಾರೋಪ ಬಲಿಪೂಜೆಗೆ ಸುಮಾರು ಹತ್ತು ಲಕ್ಷ ಜನ ಸೇರಿದ್ದರು. ಬಡವರ ಕೇರಿಗಳಲ್ಲಿ ಜನ ಕೈಯಿಂದ ಹಣ ಹಾಕಿ ತೋರಣ ಕಟ್ಟಿದರು. ಓಣಿಯ ತುದಿಯಲ್ಲಿ ಪುಟ್ಟ ಪೀಠಗಳನ್ನು ಸಿಂಗರಿಸಿದರು.

ಹಬ್ಬ ಮುಗಿದು ತೋರಣಗಳು ಇಳಿದವು. ಕುಸಿಯುವ ಗೋಡೆಗಳು ಹಾಗೆಯೇ ಇದ್ದವು. ಅವನ್ನು ಬದಲಿಸಿದ ಕೆಲಸ ಬೇರೆ ಕಡೆಯಿಂದ ನಡೆಯಿತು. 1930ರ ದಶಕದ ವಸತಿ ಕಾನೂನುಗಳಿಂದ ಸರ್ಕಾರದ ಹಣ ಹರಿದು ಬಂತು. 1932ರಲ್ಲಿ ನಗರಸಭೆಯ ವಸತಿ ವಾಸ್ತುಶಿಲ್ಪಿಯಾಗಿ ನೇಮಕಗೊಂಡ ಹರ್ಬರ್ಟ್ ಸಿಮ್ಸ್, 1948ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 17,000 ಮನೆಗಳ ನಿರ್ಮಾಣದ ಹೊಣೆ ಹೊತ್ತರು. ಬೀದಿಯಲ್ಲಿ ಸಿಮ್ಸ್ ಅವರನ್ನು ಗುರುತಿಸುವವರು ವಿರಳ. ಆಲ್ಫಿಯನ್ನು ಅರಿಯದ ಮಗುವಿರಲಿಲ್ಲ.

ಸೋಲು ಮತ್ತು ಮರಳುವಿಕೆ

1938ರಲ್ಲಿ ಹೊಸ ಸಂವಿಧಾನದಂತೆ ದೇಶಕ್ಕೆ ಮೊದಲ ರಾಷ್ಟ್ರಾಧ್ಯಕ್ಷರು ಬೇಕಾದಾಗ ಬರ್ನ್ ಅವರ ಹೆಸರೂ ಕೇಳಿಬಂತು. ಆದರೆ ದೊಡ್ಡ ಪಕ್ಷಗಳೆರಡೂ ವಿದ್ವಾಂಸ ಡಗ್ಲಸ್ ಹೈಡ್ ಅವರನ್ನು ಒಪ್ಪಿಕೊಂಡವು. ಪಕ್ಷವಿಲ್ಲದವರಿಗೆ ಬಾಗಿಲು ಮುಚ್ಚಿತು. ಮರುವರ್ಷ ಮೇಯರ್ ಪದವಿಯೂ ಕೈತಪ್ಪಿ, ಕ್ಯಾಥ್ಲೀನ್ ಕ್ಲಾರ್ಕ್ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆಯಾದರು.

ಬರ್ನ್ ಕಹಿಯಾಗಲಿಲ್ಲ, ಕೆಲಸ ಬಿಡಲಿಲ್ಲ. ಹದಿನೈದು ವರ್ಷಗಳ ನಂತರ, 1954ರಲ್ಲಿ, ಎಪ್ಪತ್ತು ದಾಟಿದ ಅವರನ್ನು ನಗರ ಹತ್ತನೆಯ ಬಾರಿ ಮೇಯರ್ ಪೀಠದಲ್ಲಿ ಕೂರಿಸಿತು. 1956ರ ಮಾರ್ಚ್ 13ರಂದು, 74 ತುಂಬಲು ನಾಲ್ಕು ದಿನ ಇರುವಾಗ, ನಿಧನರಾದರು. ತೆರವಾದ ಸ್ಥಾನಕ್ಕೆ ಮಗ ಪ್ಯಾಟ್ರಿಕ್ ಬರ್ನ್ ಆಯ್ಕೆಯಾದರು. ಅಂದು ಸೋತ ಚಾರ್ಲ್ಸ್ ಹಾಹಿ ಮುಂದೆ ದೇಶದ ಪ್ರಧಾನಿಯಾದರು. ಡಬ್ಲಿನ್‌ನ ಕ್ಲಾಂಟಾರ್ಫ್ ಬಳಿ ಒಂದು ರಸ್ತೆಗೆ ಆಲ್ಫಿ ಬರ್ನ್ ಅವರ ಹೆಸರಿದೆ.

ನಮಗೇನು?

ಅವರ ಹೆಸರಿಗೆ ಅಂಟಿದ ದೊಡ್ಡ ಕಾನೂನು ಯಾವುದೂ ಇಲ್ಲ. ಒಬ್ಬೊಬ್ಬರ ಕಣ್ಣೀರು ಒರೆಸುತ್ತಾ, ಕಣ್ಣೀರಿನ ಕಾರಣವನ್ನು ಹುಡುಕಲಿಲ್ಲ ಎಂಬ ಟೀಕೆ ಅವರ ಮೇಲಿದೆ. ಟೀಕೆಯಲ್ಲಿ ಹುರುಳಿದೆ ಎಂದೇ ನಮಗೆ ಅನಿಸುತ್ತದೆ. ಉಪಕಾರದ ರಾಜಕೀಯದಲ್ಲಿ ಪಡೆದವನು ಋಣಿಯಾಗಿಯೇ ಉಳಿಯುತ್ತಾನೆ. ತನಗೆ ಸಿಕ್ಕಿದ್ದು ಹಕ್ಕು ಎಂದು ಅವನಿಗೆ ತಿಳಿಯುವುದಿಲ್ಲ.

ಆದರೆ ಹೊಸ ಮನೆ ಏಳುವವರೆಗೆ ಆ ಒಂದು ಕೋಣೆಯಲ್ಲಿ ಕಾಯುತ್ತಿದ್ದ ತಾಯಿಗೆ ಯಾರಾದರೂ ಉತ್ತರ ಬರೆಯಲೇಬೇಕಿತ್ತು. ಆಲ್ಫಿ ಬರೆದರು. ಸಿಮ್ಸ್ ಮನೆ ಕಟ್ಟಿದರು. ಸೇವೆಗೆ ನಿಂತ ನಮಗೆ ಇಬ್ಬರೂ ಬೇಕು. ನಮ್ಮ ಬಾಗಿಲಿಗೆ ಅದೇ ವ್ಯಕ್ತಿ ಅದೇ ಕಷ್ಟ ಹೊತ್ತು ಮೂರನೆಯ ಸಲ ಬಂದಾಗ, ಕೈ ಕುಲುಕಿ ಒಳಗೆ ಕರೆಯೋಣ. ಅವನು ಹೋದ ಮೇಲೆ, ಯಾಕೆ ಮತ್ತೆ ಬರಬೇಕಾಯಿತು ಎಂದು ಕುಳಿತು ಯೋಚಿಸೋಣ.