ಸರ್ ಜೋಸೆಫ್ ಬ್ಯಾಜಲ್ಜೆಟ್

ಲಂಡನ್ನಿಗೆ ಹೋದ ಯಾತ್ರಿಕರು ಥೇಮ್ಸ್ ನದಿಯ ಕಟ್ಟೆಯ ಮೇಲೆ ನಿಂತು ಪಾರ್ಲಿಮೆಂಟಿನ ಗೋಪುರಗಳನ್ನು ಕಂಡು ಬೆರಗಾಗುವರು. ತಮ್ಮ ಕಾಲಡಿಯಲ್ಲೇ ಹರಿಯುವ ಮೋರಿಯನ್ನು ನೆನೆಯುವವರು ವಿರಳ. ಆ ಕಟ್ಟೆಯನ್ನೂ ಮೋರಿಯನ್ನೂ ಕಟ್ಟಿಸಿದ ಬ್ಯಾಜಲ್ಜೆಟ್ಟರ ಚರಿತ್ರೆಯು ನಮ್ಮ ಪುರಸಭೆಗಳವರಿಗೆ ತಿಳಿದಿರತಕ್ಕದ್ದೆಂದು ನಾವು ಭಾವಿಸುತ್ತೇವೆ.

1819ರಲ್ಲಿ ಜನಿಸಿದ ಇವರು ರೈಲುಮಾರ್ಗಗಳ ಕೆಲಸದಲ್ಲಿ ದೇಹವನ್ನು ಸವೆಸಿ, ಮೂವತ್ತು ತುಂಬುವ ಮೊದಲೇ ಕಾಯಿಲೆ ಬಿದ್ದರು. ಚೇತರಿಸಿಕೊಂಡು 1849ರಲ್ಲಿ ನಗರದ ಚರಂಡಿ ಇಲಾಖೆಯನ್ನು ಸೇರಿದರು. ಮಳೆನೀರಿಗೆಂದು ತೋಡಿದ್ದ ಅಲ್ಲಿನ ಹಳೆಯ ಮೋರಿಗಳು ನೆಟ್ಟಗೆ ನದಿಗಿಳಿಯುತ್ತಿದ್ದವು. ಮನೆಗಳಿಗೆ ನೀರಿನ ಪಾಯಿಖಾನೆಗಳು ಬಂದ ಬಳಿಕ ಊರಿನ ಮಲವೂ ಅದೇ ದಾರಿಯನ್ನು ಹಿಡಿಯಿತು. ಬಹುಮಂದಿ ಕುಡಿಯುತ್ತಿದ್ದುದೂ ಆ ನದಿಯ ನೀರನ್ನೇ! 1848-49ರಲ್ಲಿಯೂ 1853-54ರಲ್ಲಿಯೂ ಕಾಲರಾ ರೋಗವು ಸಾವಿರಾರು ಮಂದಿಯನ್ನು ಒಯ್ದಿತು. ಆದರೂ ಬ್ಯಾಜಲ್ಜೆಟ್ಟರ ನಕ್ಷೆಗಳು ಕಚೇರಿಯಿಂದ ಕಚೇರಿಗೆ ಅಲೆದವೇ ಹೊರತು ಮಂಜೂರಾಗಲಿಲ್ಲ. 1858ರ ಬೇಸಿಗೆಯಲ್ಲಿ ನದಿಯ ದುರ್ನಾತವು ಪಾರ್ಲಿಮೆಂಟಿನ ಕಿಟಕಿಗಳನ್ನೇ ಹೊಕ್ಕಿತು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿದ ಪರದೆಗಳೂ ಅದನ್ನು ತಡೆಯಲಾರದೆ ಹೋದವು. ಕೆಲವೇ ವಾರಗಳಲ್ಲಿ ಶಾಸನವಾಯಿತು. ಸಾವಿರಾರು ಹೆಣಗಳಿಂದ ಆಗದಿದ್ದುದು ಸಭಾಸದರ ಮೂಗಿನಿಂದ ಆಯಿತೆಂದು ಹೇಳದೆ ವಿಧಿಯಿಲ್ಲ.

ಇವರ ಉಪಾಯವು ಸರಳವಾದುದು. ಹಳೆಯ ಮೋರಿಗಳು ನದಿಯನ್ನು ಮುಟ್ಟುವ ಮುನ್ನವೇ ಅವುಗಳನ್ನು ಅಡ್ಡಹಿಡಿದು ಪೂರ್ವಕ್ಕೆ ತಿರುಗಿಸುವ ದೊಡ್ಡ ಮೋರಿಗಳನ್ನು, ಒಟ್ಟು 82 ಮೈಲಿ ಉದ್ದಕ್ಕೆ, ನದಿಗೆ ಸಮಾನಾಂತರವಾಗಿ ಕಟ್ಟಿಸಿದರು. ಮೈಲಿಗೆ ಎರಡಡಿಯಷ್ಟೇ ಇಳಿಜಾರು. ಮೋರಿಗಳಲ್ಲಿ ಅನೇಕವು, ಮೊಟ್ಟೆಯ ಚೂಪುತುದಿಯನ್ನು ಕೆಳಗಿಟ್ಟು ನಿಲ್ಲಿಸಿದ ಆಕಾರದವು; ನೀರು ಸ್ವಲ್ಪವೇ ಇದ್ದರೂ ಇಕ್ಕಟ್ಟಾದ ತಳದಲ್ಲಿ ರಭಸದಿಂದ ಹರಿದು ಹೂಳನ್ನು ನಿಲ್ಲಗೊಡದು. ತಗ್ಗಿನ ಪ್ರದೇಶದ ಕೊಳಚೆಯನ್ನು ಆವಿಯಂತ್ರಗಳು ಮೇಲೆತ್ತುತ್ತಿದ್ದವು. ನಗರದ ಕೆಳಗಡೆ ಅದನ್ನು ತೊಟ್ಟಿಗಳಲ್ಲಿ ತಡೆದಿಟ್ಟು, ಸಮುದ್ರದ ಇಳಿತದ ವೇಳೆ ನದಿಗೆ ಬಿಡುವ ಏರ್ಪಾಡಾಯಿತು.

1866ರಲ್ಲಿ ಕಾಲರಾ ಮರಳಿ ಬಂದಿತು. ಆಗ ಅದು ಪ್ರಬಲಿಸಿದುದು, ಈ ಏರ್ಪಾಡು ಇನ್ನೂ ಮುಟ್ಟದೆ ಉಳಿದಿದ್ದ ಪೂರ್ವ ಲಂಡನ್ನಿನ ಬಡವರ ಕೇರಿಗಳಲ್ಲಿ. ಅಲ್ಲಿ ಸತ್ತವರು 5,000ಕ್ಕೂ ಹೆಚ್ಚು.

ದೋಷವನ್ನೂ ಹೇಳಬೇಕು. ಕೊಳಚೆಯು ನಗರವನ್ನು ಬಿಟ್ಟಿತೇ ವಿನಾ ಶುದ್ಧಿಯಾಗಲಿಲ್ಲ, ಕೆಳದಂಡೆಯವರ ಪಾಲಾಯಿತು. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ಹಡಗು ಆ ಕೊಳಚೆ ಬೀಳುವ ಸ್ಥಳದ ಬಳಿಯಲ್ಲೇ ಮುಳುಗಿ, 600ಕ್ಕೂ ಹೆಚ್ಚು ಮಂದಿ ಮಡಿದರು. ಆಮೇಲೆ ವಿಚಾರಣೆಗಳಾಗಿ, 1887ರಿಂದ ರೊಚ್ಚನ್ನು ಬೇರ್ಪಡಿಸಿ ಹಡಗುಗಳಲ್ಲಿ ಸಮುದ್ರಕ್ಕೆ ಒಯ್ಯತೊಡಗಿದರು. ಆ ಪದ್ಧತಿ ನಿಂತದ್ದು 1998ರಲ್ಲಿ.

ಬ್ಯಾಜಲ್ಜೆಟ್ಟರು 1891ರಲ್ಲಿ ಕಾಲವಾದರು. ಅವರ ಮೋರಿಗಳು ಇಂದಿಗೂ ಹರಿಯುತ್ತಿವೆ. ಮಳೆ ಜೋರಾದಾಗ ಅವು ತುಂಬಿ ನದಿಗೆ ಚೆಲ್ಲುವುದನ್ನು ಹಿಡಿಯಲು ತೋಡಿದ 25 ಕಿಲೋಮೀಟರಿನ ಹೊಸ ಸುರಂಗವು 2025ರಲ್ಲಿ ಪೂರ್ಣವಾಗಿ ಜೋಡಣೆಗೊಂಡಿತು.