ಎಣ್ಣೆ ಹಾಕುವ ಕೆಲಸಕ್ಕೆ ಸೇರಿದ ಎಂಜಿನಿಯರ್

ಕಳೆದ ಸೆಮಿಸ್ಟರ್‌ನಲ್ಲಿ ಲ್ಯಾಬ್‌ನ ಕಪಾಟಿನಿಂದ ಒಂದು ಆಟಿಕೆ ಸ್ಟೀಮ್ ಎಂಜಿನ್ ಹೊರಬಂತು. ಅಂಗೈಯಷ್ಟು ಬಾಯ್ಲರ್, ಕಿರುಬೆರಳಿನ ಗಾತ್ರದ ಸಿಲಿಂಡರ್, ಕೆಳಗೊಂದು ಸ್ಪಿರಿಟ್ ದೀಪ. ನೀರು ತುಂಬಿಸಿ, ಕೈಗೆ ಸಿಕ್ಕ ಹೊಲಿಗೆ ಯಂತ್ರದ ಎಣ್ಣೆಯನ್ನೇ ಎಲ್ಲ ಕಡೆ ಬಿಟ್ಟು ದೀಪ ಹಚ್ಚಿದೆ. ಚಕ್ರ ಗರಗರ ತಿರುಗಿತು. ಐದೇ ನಿಮಿಷ, ಆಮೇಲೆ ಕಿರ್ ಎಂದು ನಿಂತೇಬಿಟ್ಟಿತು. ಬಿಚ್ಚಿ ನೋಡಿದರೆ ಸಿಲಿಂಡರಿನೊಳಗೆ ಎಣ್ಣೆಯ ಪಸೆಯೇ ಇಲ್ಲ. ಬಿಇ ಓದುವ ನನಗೆ ಎಣ್ಣೆ ಹಾಕಲೂ ಬರುವುದಿಲ್ಲವೇ ಎಂದು ನಾಚಿಕೆಯಾಯಿತು. ಕಾರಣ ಹುಡುಕುತ್ತಾ ಹೋದಾಗ ಪರಿಚಯವಾದವರು ಎಲಿಜಾ ಮೆಕಾಯ್.

ಮೆಕಾಯ್ ಹುಟ್ಟಿದ್ದು 1840ರ ದಶಕದಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದ ಕೋಲ್ಚೆಸ್ಟರ್‌ನಲ್ಲಿ. ಅವರ ತಂದೆ ತಾಯಿ ಅಮೆರಿಕದ ಕೆಂಟಕಿಯಲ್ಲಿ ಗುಲಾಮರಾಗಿದ್ದವರು. ಅಲ್ಲಿಂದ ಗುಟ್ಟಾಗಿ ತಪ್ಪಿಸಿಕೊಂಡು ಗಡಿ ದಾಟಿ ಬಂದಿದ್ದರು. ಚಿಕ್ಕಂದಿನಿಂದಲೂ ಯಂತ್ರಗಳೆಂದರೆ ಎಲಿಜಾಗೆ ಪ್ರಾಣ. ಹದಿನೈದು ವರ್ಷದ ಮಗನನ್ನು ಹೆತ್ತವರು ಸಾಗರದಾಚೆಯ ಸ್ಕಾಟ್ಲೆಂಡಿನ ಎಡಿನ್‌ಬರೊಗೆ ಕಳುಹಿಸಿದರು. ಅಲ್ಲಿ ಅವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತರು.

ಅಷ್ಟರಲ್ಲಿ ಕುಟುಂಬ ಅಮೆರಿಕಕ್ಕೆ ಮರಳಿ, ಮಿಷಿಗನ್‌ನ ಇಪ್ಸಿಲಾಂಟಿಯಲ್ಲಿ ನೆಲೆಸಿತ್ತು. ವಿದ್ಯೆ ಮುಗಿಸಿ ಬಂದ ಎಲಿಜಾ ಅಲ್ಲೇ ಕೆಲಸ ಹುಡುಕಿದರು. ಕಪ್ಪು ವರ್ಣೀಯನನ್ನು ಎಂಜಿನಿಯರ್ ಹುದ್ದೆಗೆ ಸೇರಿಸಿಕೊಳ್ಳಲು ಯಾರೂ ಸಿದ್ಧರಿರಲಿಲ್ಲ. ಕೊನೆಗೆ ಮಿಷಿಗನ್ ಸೆಂಟ್ರಲ್ ರೈಲು ಕಂಪನಿಯಲ್ಲಿ ಸಿಕ್ಕಿದ್ದು ಎರಡು ಕೆಲಸ ಸೇರಿದ ಒಂದು ನೌಕರಿ: ರೈಲಿನ ಬೆಂಕಿಗೂಡಿಗೆ ಕಲ್ಲಿದ್ದಲು ಸುರಿಯುವುದು, ಎಂಜಿನ್‌ಗೆ ಎಣ್ಣೆ ಹಾಕುವುದು.

ಇಲ್ಲೇ ನನಗೆ ನನ್ನ ಆಟಿಕೆ ನೆನಪಾದದ್ದು. ಎಂಜಿನ್ ದೊಡ್ಡದಿರಲಿ, ಚಿಕ್ಕದಿರಲಿ, ಅದನ್ನು ಸಾಕುವವನಿಗೆ ಇರುವ ಪ್ರಶ್ನೆಗಳು ಎರಡೇ. ಬೆಂಕಿಗೆ ಏನು, ಸಿಲಿಂಡರಿಗೆ ಏನು? ಆಟಿಕೆಗೆ ಕಲ್ಲಿದ್ದಲು ಆಗದು. ಮೆಥಿಲೇಟೆಡ್ ಸ್ಪಿರಿಟ್ ಅಥವಾ ಬಿಳಿ ಘನ ಇಂಧನದ ಬಿಲ್ಲೆ ಸಾಕು. ಬಾಯ್ಲರಿನ ನೀರು ಪೂರ್ತಿ ಬತ್ತುವ ಮೊದಲೇ ಇಂಧನ ಮುಗಿಯುವಂತೆ ಅಳತೆ ಮಾಡಿ ಹಾಕಬೇಕು. ಪೆಟ್ರೋಲ್ ಅಂತೂ ಹತ್ತಿರವೂ ತರಬಾರದು. ಸ್ಪಿರಿಟ್‌ನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಹಾಗಾಗಿ ದೀಪ ಆರಿದೆ ಎಂದುಕೊಂಡು ಮತ್ತೆ ಸ್ಪಿರಿಟ್ ಸುರಿಯುವುದೂ ಅಪಾಯವೇ.

ಎಣ್ಣೆಯ ಪ್ರಶ್ನೆ ಇನ್ನೂ ಕಠಿಣ. ಹಬೆ ಎಂದರೆ ಶಾಖ ಮತ್ತು ನೀರು ಎರಡೂ. ತೆಳು ಎಣ್ಣೆ ಶಾಖಕ್ಕೆ ಇನ್ನೂ ತೆಳುವಾಗುತ್ತದೆ, ನೀರು ಅದನ್ನು ತೊಳೆದುಕೊಂಡು ಹೋಗುತ್ತದೆ. ನನ್ನ ಎಂಜಿನ್ ನಿಂತದ್ದು ಇದಕ್ಕೇ. ಬೈಕಿನ ಎಂಜಿನ್ ಆಯಿಲ್‌ನಲ್ಲಿ ಕೊಳೆ ತೆಗೆಯುವ ರಾಸಾಯನಿಕಗಳಿರುತ್ತವೆ. ಅದು ನೀರಿನೊಡನೆ ಕಲೆತು ಮಜ್ಜಿಗೆಯಂತಾಗುತ್ತದೆ. ಸಿಲಿಂಡರಿಗೆ ಬೇಕಾದದ್ದು ಜೇನಿನಂತೆ ಮಂದವಾದ ಸ್ಟೀಮ್ ಆಯಿಲ್. ಒದ್ದೆ ಲೋಹಕ್ಕೂ ಅಂಟಿಕೊಳ್ಳಲೆಂದು ಅದರಲ್ಲಿ ಸ್ವಲ್ಪ ಪ್ರಾಣಿಜನ್ಯ ಕೊಬ್ಬು ಬೆರೆಸುವುದುಂಟು. ಹೊಲಿಗೆ ಯಂತ್ರದ ಎಣ್ಣೆ ಹಬೆ ತಾಕದ ಚಕ್ರದ ಬೇರಿಂಗಿಗೆ ಸರಿ.

ಮೆಕಾಯ್ ಕಾಲದಲ್ಲಿ ಸಮಸ್ಯೆ ಎಣ್ಣೆ ಯಾವುದು ಎಂಬುದಷ್ಟೇ ಆಗಿರಲಿಲ್ಲ, ಅದನ್ನು ಯಾವಾಗ ಹಾಕುವುದು ಎಂಬುದೂ ಆಗಿತ್ತು. ಎಂಜಿನ್‌ನ ಭಾಗಗಳು ಒಣಗಿದಾಗಲೆಲ್ಲ ರೈಲು ನಿಲ್ಲಿಸಿ, ಎಣ್ಣೆಡಬ್ಬಿ ಹಿಡಿದವನು ಇಳಿದು ಸುತ್ತ ಓಡಾಡಬೇಕಿತ್ತು. ಡಬ್ಬಿ ಹಿಡಿದವರು ಸಾವಿರಾರು ಮಂದಿ ಇದ್ದರು. ಆದರೆ ಈ ಡಬ್ಬಿ ಹಿಡಿದವರ ತಲೆಯಲ್ಲಿ ಎಡಿನ್‌ಬರೊದಲ್ಲಿ ಕಲಿತದ್ದೆಲ್ಲ ಇತ್ತು. ಎಂಜಿನ್ ಓಡುತ್ತಿರುವಾಗಲೇ ಅದು ತನಗೆ ತಾನೇ ಎಣ್ಣೆ ಹಾಕಿಕೊಳ್ಳುವಂತೆ ಮಾಡಲು ಅವರು ಹೊರಟರು. ಹಬೆಯ ಒತ್ತಡವೇ ಎಣ್ಣೆಬಟ್ಟಲಿನ ಕವಾಟವನ್ನು ತೆರೆದು ಎಣ್ಣೆ ಇಳಿಸುವ ಸಾಧನವನ್ನು ರೂಪಿಸಿದರು. 1872ರ ಜುಲೈನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಬದುಕು ಮಾತ್ರ ಅಷ್ಟು ನಯವಾಗಿ ಓಡಲಿಲ್ಲ. 1868ರಲ್ಲಿ ಕೈಹಿಡಿದ ಪತ್ನಿ ಆನ್ ಎಲಿಜಬೆತ್ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಮರುವರ್ಷ ಮೇರಿ ಎಲಿಯನೋರಾ ಅವರನ್ನು ಮದುವೆಯಾದರು. ಸಾಧನಗಳನ್ನು ತಯಾರಿಸಲು ಕೈಯಲ್ಲಿ ಬಂಡವಾಳವಿಲ್ಲದ್ದರಿಂದ ಹಲವು ಪೇಟೆಂಟ್‌ಗಳ ಹಕ್ಕನ್ನು ಹಣ ಹೂಡುವವರಿಗೆ ಬಿಟ್ಟುಕೊಡಬೇಕಾಯಿತು. ಲಾಭ ಬೇರೆಯವರ ಪಾಲಾಯಿತು. ಆದರೂ ಅವರು ನಿಲ್ಲಲಿಲ್ಲ. ಒಟ್ಟು ಸುಮಾರು 57 ಪೇಟೆಂಟ್‌ಗಳು ಅವರ ಹೆಸರಿನಲ್ಲಿವೆ. ಹೆಚ್ಚಿನವು ಎಣ್ಣೆ ಹಾಕುವ ಸಾಧನಗಳೇ. ನಡುವೆ ಮಡಚುವ ಇಸ್ತ್ರಿ ಮೇಜು, ಹುಲ್ಲುಹಾಸಿಗೆ ನೀರು ಚಿಮುಕಿಸುವ ಸಾಧನವೂ ಇವೆ.

ಇಪ್ಪತ್ತನೇ ಶತಮಾನದ ಹೊಸ ರೈಲು ಎಂಜಿನ್‌ಗಳು ಇನ್ನೂ ಬಿಸಿಯಾದ ಹಬೆಯಲ್ಲಿ ಓಡತೊಡಗಿದವು. ಬರಿಯ ಎಣ್ಣೆ ಆ ಶಾಖ ತಾಳುತ್ತಿರಲಿಲ್ಲ. ಎಣ್ಣೆಗೆ ಗ್ರಾಫೈಟ್ ಪುಡಿ ಬೆರೆಸಿದರೆ ಅದು ಕೊಳವೆಯಲ್ಲಿ ಕಟ್ಟಿಕೊಳ್ಳುತ್ತಿತ್ತು. ಗ್ರಾಫೈಟನ್ನು ಕಟ್ಟಿಕೊಳ್ಳದಂತೆ ಸಿಲಿಂಡರಿಗೆ ತಲುಪಿಸುವ ಸಾಧನಕ್ಕೆ 1915ರಲ್ಲಿ ಪೇಟೆಂಟ್ ಪಡೆದಾಗ ಮೆಕಾಯ್‌ಗೆ ಎಪ್ಪತ್ತು ದಾಟಿತ್ತು. ತಮ್ಮದೇ ಹೆಸರಿನ ಕಂಪನಿಯನ್ನು ಡೆಟ್ರಾಯ್ಟ್‌ನಲ್ಲಿ ತೆರೆದದ್ದು ಅದಕ್ಕೂ ಆಮೇಲೆ, 1920ರಲ್ಲಿ. ಎರಡು ವರ್ಷದ ನಂತರ ಕಾರು ಅಪಘಾತದಲ್ಲಿ ದಂಪತಿ ಗಾಯಗೊಂಡರು. ಮೇರಿ ಉಳಿಯಲಿಲ್ಲ. ಮೆಕಾಯ್ ಕೂಡ ಪೂರ್ತಿ ಚೇತರಿಸಿಕೊಳ್ಳದೆ, 1929ರ ಅಕ್ಟೋಬರ್ 10ರಂದು ಡೆಟ್ರಾಯ್ಟ್ ಬಳಿಯ ಎಲೊಯಿಸ್ ಚಿಕಿತ್ಸಾಲಯದಲ್ಲಿ ಕೊನೆಯುಸಿರೆಳೆದರು.

ಅಸಲಿ ವಸ್ತುವನ್ನು ಇಂಗ್ಲಿಷಿನಲ್ಲಿ ‘ರಿಯಲ್ ಮೆಕಾಯ್’ ಎನ್ನುವುದು ಇವರಿಂದಲೇ ಬಂತೆಂಬ ಕಥೆಯಿದೆ. ಬೇರೆ ಮೆಕಾಯ್‌ಗಳ ಕಥೆಗಳೂ ಇರುವುದರಿಂದ ಅದನ್ನು ಖಚಿತವೆನ್ನಲಾಗದು. ಖಚಿತವಾದದ್ದು ಇಷ್ಟು: 2012ರಲ್ಲಿ ಡೆಟ್ರಾಯ್ಟ್‌ನಲ್ಲಿ ತೆರೆದ ಅಮೆರಿಕದ ಪೇಟೆಂಟ್ ಕಚೇರಿಯ ಶಾಖೆಗೆ ಎಲಿಜಾ ಮೆಕಾಯ್ ಹೆಸರಿದೆ.

ನಮ್ಮ ಸೀನಿಯರ್‌ಗಳಲ್ಲಿ ಹಲವರು ಕೋರ್ ಕೆಲಸ ಸಿಗದೆ, ಓದಿದ್ದಕ್ಕೆ ಸಂಬಂಧವೇ ಇಲ್ಲದ ನೌಕರಿಗೆ ಸೇರಿದ್ದಾರೆ. ನಾಳೆ ನನ್ನದೂ ಅದೇ ಕಥೆಯಾಗಬಹುದು. ಮೆಕಾಯ್‌ಗೆ ಆದದ್ದು ಅನ್ಯಾಯವೇ, ಅದನ್ನು ಅದೃಷ್ಟವೆಂದು ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ಕೈಗೆ ಬಂದ ಎಣ್ಣೆಡಬ್ಬಿಯನ್ನು ಅವರು ಕಲಿತವನ ಕಣ್ಣಿನಿಂದ ನೋಡಿದರು. ಅದನ್ನು ಮಾತ್ರ ಯಾರೂ ತಡೆಯಲಾಗಲಿಲ್ಲ.

ಮೊನ್ನೆ ಸರಿಯಾದ ಸ್ಟೀಮ್ ಆಯಿಲ್ ತಂದು ಆಟಿಕೆಯ ಸಿಲಿಂಡರಿಗೆ ನಾಲ್ಕೇ ಹನಿ ಹಾಕಿದೆ. ಸ್ಪಿರಿಟ್ ಮುಗಿಯುವವರೆಗೂ ಅದು ನಿಲ್ಲಲಿಲ್ಲ.