ನೇಗಿಲು ಕಲಿಸಿದ ಪಾಠ

ಒಳ್ಳೆಯ ವಸ್ತುವನ್ನು ತಯಾರಿಸುವುದು ಒಂದು ಕಲೆ. ಅದು ಒಳ್ಳೆಯದೆಂಬ ನಂಬಿಕೆಯನ್ನು ಕೊಳ್ಳುವವನ ಮನಸ್ಸಿನಲ್ಲಿ ಮೂಡಿಸುವುದು ಇನ್ನೊಂದು ಕಲೆ. ಮೊದಲನೆಯದನ್ನು ಬಲ್ಲವರು ಎರಡನೆಯದನ್ನೂ ಬಲ್ಲರೆಂದು ಹೇಳಲಾಗದು. ಈ ಎರಡನೆಯ ಕಲೆಯನ್ನು ಸೋಲಿನ ಮೂಲಕ ಕಲಿತು, ಭಾರತದ ಕೈಗಾರಿಕಾ ಚರಿತ್ರೆಯಲ್ಲಿ ಹೆಸರನ್ನು ಉಳಿಸಿದವರು ಲಕ್ಷ್ಮಣರಾವ್ ಕಿರ್ಲೋಸ್ಕರರು.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಪಾಂಡಿತ್ಯ ಪಡೆದವರು. ಮಗನ ಒಲವಾದರೋ ಶಾಲೆಯ ಪುಸ್ತಕಗಳಿಗಿಂತ ಚಿತ್ರಗಳ ಕಡೆಗೆ, ಯಂತ್ರಗಳ ಕಡೆಗೆ. ಆತ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದನು. ಆದರೆ ಕೆಲವು ಬಣ್ಣಗಳನ್ನು ಬೇರೆಬೇರೆಯಾಗಿ ಗುರುತಿಸುವ ಶಕ್ತಿ ತನ್ನ ಕಣ್ಣಿಗಿಲ್ಲವೆಂಬುದು ಅಲ್ಲಿ ತಿಳಿದುಬಂದಿತು. ಚಿತ್ರಕಾರನಾಗುವ ಕನಸು ಅಲ್ಲಿಗೆ ಮುಗಿಯಿತು. ತರುಣ ಲಕ್ಷ್ಮಣರಾಯರು ಎದೆಗುಂದಲಿಲ್ಲ. ಬಣ್ಣದ ಅವಶ್ಯಕತೆಯಿಲ್ಲದ ಯಾಂತ್ರಿಕ ರೇಖಾಚಿತ್ರವನ್ನು ಅಭ್ಯಾಸ ಮಾಡಿ, ಮುಂಬಯಿಯ ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು.

ಇದೇ ಕಾಲದಲ್ಲಿ ವ್ಯಾಪಾರದ ಮೊದಲ ಅನುಭವವೂ ಅವರಿಗೆ ದೊರೆಯಿತು. ಸೈಕಲ್ಲು ಆಗ ಜನರಿಗೆ ಹೊಸ ವಾಹನ. ಬೆಳಗಾವಿಯಲ್ಲಿ 1888ರಲ್ಲಿ ಕಿರ್ಲೋಸ್ಕರರ ಸೈಕಲ್ ಅಂಗಡಿ ಪ್ರಾರಂಭವಾಯಿತು. ಲಕ್ಷ್ಮಣರಾಯರು ಮುಂಬಯಿಯಿಂದ ಸೈಕಲ್ಲುಗಳನ್ನು ಕಳುಹಿಸುವರು. ಅಣ್ಣ ರಾಮಣ್ಣನವರು ಅವನ್ನು ಬೆಳಗಾವಿಯಲ್ಲಿ ಮಾರುವರು. ಮಾರಿ ಸುಮ್ಮನಾಗದೆ, ಸವಾರಿ ಮಾಡುವುದನ್ನೂ ಅವರು ಜನರಿಗೆ ಕಲಿಸುತ್ತಿದ್ದರು. ಹತ್ತಲು ಬಾರದ ವಾಹನವನ್ನು ಯಾರು ತಾನೇ ಕೊಂಡಾರು? ಈ ಸಣ್ಣ ಸಂಗತಿಯಲ್ಲಿ ದೊಡ್ಡದೊಂದು ಪಾಠ ಅಡಗಿದ್ದಿತು. ಅದರ ಬೆಲೆ ತಿಳಿದದ್ದು ಮುಂದೆ.

ತಾಂತ್ರಿಕ ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ನನ ಪಾಲಾದಾಗ ಲಕ್ಷ್ಮಣರಾಯರು ಕೆಲಸಕ್ಕೆ ರಾಜೀನಾಮೆಯಿತ್ತು ಬೆಳಗಾವಿಗೆ ಬಂದರು. ಅಲ್ಲಿ ಚಿಕ್ಕ ಕಾರ್ಖಾನೆಯೊಂದನ್ನು ತೆರೆದು, ಮೊದಲು ಮೇವು ಕತ್ತರಿಸುವ ಯಂತ್ರವನ್ನೂ ಅನಂತರ ಕಬ್ಬಿಣದ ನೇಗಿಲನ್ನೂ ತಯಾರಿಸತೊಡಗಿದರು. ನಮ್ಮ ಮರದ ನೇಗಿಲು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚಿ ಹಾಕುವುದಿಲ್ಲ. ಕಬ್ಬಿಣದ ನೇಗಿಲು ಆಳವಾಗಿ ಉತ್ತು, ಕಳೆಯ ಬೇರನ್ನು ಮೇಲಕ್ಕೆ ತಂದು, ಮಣ್ಣನ್ನು ಹೊರಳಿಸುತ್ತದೆ. ಇಂತಹ ಉಪಕರಣವನ್ನು ರೈತರು ಮುಗಿಬಿದ್ದು ಕೊಳ್ಳುವರೆಂದು ಯಾರಿಗಾದರೂ ಅನಿಸುವುದು ಸಹಜ.

ಆದರೆ ಆದದ್ದೇ ಬೇರೆ. ಎರಡು ವರ್ಷಗಳ ಕಾಲ ಆ ನೇಗಿಲುಗಳನ್ನು ಕೊಳ್ಳುವವರೇ ಇರಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಹಾಕಿದ ಬಂಡವಾಳ ಕಬ್ಬಿಣದ ರೂಪದಲ್ಲಿ ಕಾರ್ಖಾನೆಯಲ್ಲಿಯೇ ಬಿದ್ದಿತ್ತು.

ಇಲ್ಲಿ ತಪ್ಪು ಯಾರದು? ರೈತನ ಮೂಢನಂಬಿಕೆಯೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ರೈತನ ಕಡೆಯಿಂದಲೂ ಯೋಚಿಸಬೇಕು. ಮರದ ನೇಗಿಲನ್ನು ಊರ ಬಡಿಗನೇ ಮಾಡಿಕೊಡುತ್ತಿದ್ದನು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಾಳನ್ನು ಆಯವಾಗಿ ಕೊಟ್ಟರೆ ಸಾಕಾಗಿತ್ತು. ಮುರಿದರೆ ಸರಿಪಡಿಸಲು ಅವನು ಪಕ್ಕದಲ್ಲಿಯೇ ಇದ್ದನು. ಕಬ್ಬಿಣದ ನೇಗಿಲಿಗೆ ರೊಕ್ಕ ಬೇಕು. ಎಳೆಯಲು ಬಲವಾದ ಎತ್ತುಗಳು ಬೇಕು. ಒಂದು ಮಳೆಗಾಲ ಕೆಟ್ಟರೆ ರೈತನ ಮನೆಯವರೆಲ್ಲ ವರ್ಷವಿಡೀ ಉಪವಾಸ. ಕಾಣದ ಲಾಭಕ್ಕಾಗಿ ಆತ ಹೊಲವನ್ನೇ ಪಣಕ್ಕೆ ಒಡ್ಡಲು ಹೇಗೆ ಸಾಧ್ಯ? ಉಪಕರಣವನ್ನು ರೂಪಿಸಿದ ಜಾಣ್ಮೆ ಈ ಅಂಜಿಕೆಯನ್ನು ಮೊದಲೇ ಊಹಿಸಲಿಲ್ಲ. ಸೈಕಲ್ಲಿನ ವಿಷಯದಲ್ಲಿ ಕೊಳ್ಳುವವನ ಕೈಹಿಡಿದು ಕಲಿಸಿದಂತೆ, ನೇಗಿಲಿನ ವಿಷಯದಲ್ಲಿಯೂ ರೈತನ ನಂಬಿಕೆಯನ್ನು ಮೊದಲು ಗಳಿಸಬೇಕಾಗಿದ್ದಿತು.

ಲಕ್ಷ್ಮಣರಾಯರು ರೈತರನ್ನು ಹಳಿಯುತ್ತ ಕುಳಿತುಕೊಳ್ಳಲಿಲ್ಲ. ನೇಗಿಲನ್ನು ಕೈಬಿಡಲೂ ಇಲ್ಲ. ಅದನ್ನು ತಿದ್ದುತ್ತ, ಉತ್ತಮಪಡಿಸುತ್ತ, ತಾಳ್ಮೆಯಿಂದ ಕಾದರು. ಕೊನೆಗೆ ಮೊದಲ ನೇಗಿಲುಗಳು ಮಾರಾಟವಾದವು. ಒಬ್ಬನ ಹೊಲದಲ್ಲಿ ಬೆಳೆ ಬಂದುದನ್ನು ಕಂಡ ನೆರೆಯವನಿಗೆ ಬೇರೆ ಸಾಕ್ಷಿ ಬೇಕಾಗದು.

ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಊರಿನ ವಿಸ್ತರಣೆಯ ಸಲುವಾಗಿ ಬೆಳಗಾವಿಯ ಪುರಸಭೆ ಕಾರ್ಖಾನೆಯ ಸ್ಥಳವನ್ನು ತೆರವುಗೊಳಿಸಬೇಕೆಂದಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಅವರು ಕುಂಡಲ ರೋಡ್ ರೈಲು ನಿಲ್ದಾಣದ ಬಳಿ ಭೂಮಿಯನ್ನೂ ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದು ಹಾವುಗಳಿಂದ ತುಂಬಿದ್ದ ಬರಡು ನೆಲವದು. 1910ರಲ್ಲಿ ಲಕ್ಷ್ಮಣರಾಯರು ತಮ್ಮ ಕೆಲಸಗಾರರೊಡನೆ ಅಲ್ಲಿ ನೆಲೆಸಿದರು. ಹೀಗೆ ಹುಟ್ಟಿದ ಊರೇ ಈಗಿನ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಅಸ್ಪೃಶ್ಯತೆಯ ಆಚರಣೆಗೆ ಆ ಊರಿನಲ್ಲಿ ಅವರು ಎಡೆಗೊಡಲಿಲ್ಲ.

ಹಳೆಯ ಪಾಠವನ್ನು ಕಿರ್ಲೋಸ್ಕರ ಮನೆತನ ಮರೆಯಲಿಲ್ಲವೆಂಬುದಕ್ಕೆ ಒಂದು ನಿದರ್ಶನವಿದೆ. 1920ರಲ್ಲಿ ಲಕ್ಷ್ಮಣರಾಯರ ಅಣ್ಣನ ಮಗನಾದ ಶಂಕರರಾವ್ ಕಿರ್ಲೋಸ್ಕರರು 'ಕಿರ್ಲೋಸ್ಕರ ಖಬರ್' ಎಂಬ ಮರಾಠಿ ಪತ್ರಿಕೆಯನ್ನು ಆರಂಭಿಸಿದರು. ಕಾರ್ಖಾನೆಯ ಸರಕುಗಳ ಪರಿಚಯವನ್ನು ಜನರಿಗೆ ಮಾಡಿಕೊಡುವುದು ಅದರ ಉದ್ದೇಶವಾಗಿತ್ತು. ಮುಂದೆ ಅದು 'ಕಿರ್ಲೋಸ್ಕರ' ಎಂಬ ಹೆಸರಿನಿಂದ ಮರಾಠಿಯ ಗಣ್ಯ ಮಾಸಪತ್ರಿಕೆಯಾಗಿ ಬೆಳೆಯಿತು. ವಸ್ತುವನ್ನು ಕಳುಹಿಸುವ ಮೊದಲು ಮಾತನ್ನು ಕಳುಹಿಸಬೇಕೆಂಬ ಅರಿವು ಇದರ ಹಿಂದೆ ಇದ್ದಿತು.

ನೇಗಿಲಿನಿಂದ ಮೊದಲಾದ ಉದ್ಯಮ ಪಂಪು, ಎಂಜಿನ್, ವಿದ್ಯುತ್ ಯಂತ್ರಗಳವರೆಗೆ ಹಬ್ಬಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸಂಸ್ಥೆಯೂ ಸ್ಥಾಪನೆಯಾದವು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನ ಹೊಂದಿದರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರ್ಕಾರ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು.

ಬಣ್ಣವನ್ನು ಗುರುತಿಸಲಾರದ ಕಣ್ಣು ಅವರನ್ನು ಯಂತ್ರದ ಕಡೆಗೆ ತಿರುಗಿಸಿತು. ಯಾರೂ ಕೊಳ್ಳದ ನೇಗಿಲು ಅವರನ್ನು ಜನರ ಮನಸ್ಸಿನ ಕಡೆಗೆ ತಿರುಗಿಸಿತು. ಸೋಲು ಬಂದಾಗ ಪರರನ್ನು ದೂರದೆ, ತನ್ನ ಲೆಕ್ಕದಲ್ಲಿ ಎಲ್ಲಿ ತಪ್ಪಿದೆಯೆಂದು ನೋಡುವವನೇ ಮುಂದೆ ಸಾಗಬಲ್ಲನು. ಲಕ್ಷ್ಮಣರಾಯರ ಬಾಳು ನಮಗೆ ತಿಳಿಸುವುದು ಇದನ್ನೇ.